ಕಾಗದದ ಮೇಲಿನ ಅಪಘಾತ: ಮೋಟಾರು ವಿಮೆಯ ವಂಚನೆಯನ್ನು ಗುರುತಿಸುವುದು, ಎದುರಿಸುವುದು

ಮೋಟಾರು ವಿಮೆಯ ಹಣಕ್ಕಾಗಿ ಅಪಘಾತ ಸೃಷ್ಟಿಸುವ ವಂಚನೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಡಿಕ್ಕಿ ನಿಜವಾಗಿಯೂ ನಡೆಯುತ್ತದೆ, ಆದರೆ ಅದನ್ನು ಬೇಕೆಂದೇ ನಡೆಸಿರುತ್ತಾರೆ. ಎರಡನೆಯದರಲ್ಲಿ ಗಾಯ ನಿಜ, ಕೆಲವೊಮ್ಮೆ ಸಾವೂ ನಿಜ. ಡಿಕ್ಕಿ ಹೊಡೆಯಿತೆಂದು ಹೇಳಲಾಗುವ ವಾಹನ ಮಾತ್ರ ಆ ಹೊತ್ತಿಗೆ ಆ ಜಾಗದಲ್ಲಿ ಇರಲೇ ಇಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಮೊದಲ ಬಗೆ. ಭಾರತದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳನ್ನು ಕಾಡುತ್ತಿರುವುದು ಎರಡನೆಯದು.

ಮೊದಲ ಬಗೆಯ ತಂತ್ರ ಸರಳ. ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿರುವ ಕಾರು ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕುತ್ತದೆ. ಹಿಂದಿನವನಿಗೆ ಪಕ್ಕಕ್ಕೆ ಹೊರಳಲು ಅವಕಾಶವಾಗದಂತೆ ಅದೇ ಗುಂಪಿನ ಇನ್ನೊಂದು ವಾಹನ ಬದಿಯಲ್ಲಿ ಸಾಗುತ್ತಿರುತ್ತದೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಸಾಮಾನ್ಯ ತಿಳಿವಳಿಕೆಯೇ ಇವರ ಬಂಡವಾಳ. ಗುದ್ದಿಸಿಕೊಂಡ ಕಾರಿನ ತುಂಬ ಜನ; ಎಲ್ಲರಿಗೂ ಕುತ್ತಿಗೆ ನೋವು. ಎಕ್ಸ್-ರೇಯಲ್ಲಿ ಕಾಣದ ನೋವಾದ್ದರಿಂದ ಅದನ್ನು ಅಲ್ಲಗಳೆಯುವುದು ಕಷ್ಟ. ಬ್ರಿಟನ್ನಿನ ವಿಮಾ ಕಂಪನಿಗಳು ಇಂಥವನ್ನು ಪತ್ತೆ ಹಚ್ಚಲೆಂದೇ 2006ರಲ್ಲಿ ಒಂದು ಜಂಟಿ ಸಂಸ್ಥೆ ಕಟ್ಟಿದವು. 2012ರಲ್ಲಿ ಲಂಡನ್ ನಗರ ಪೊಲೀಸರಲ್ಲಿ ವಿಮಾ ವಂಚನೆಗಾಗಿಯೇ ಪ್ರತ್ಯೇಕ ದಳ ಬಂತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ದೊಡ್ಡ ಮೊತ್ತದ ವಿಮೆಯಿರುವ ಟ್ರಕ್ಕುಗಳನ್ನೇ ಆರಿಸಿ ಕಾರುಗಳನ್ನು ಬೇಕೆಂದೇ ಅವಕ್ಕೆ ತಾಗಿಸುತ್ತಿದ್ದ ಜಾಲವೊಂದನ್ನು ಕೇಂದ್ರ ತನಿಖಾಧಿಕಾರಿಗಳು ಬಯಲಿಗೆಳೆದರು. ತನಿಖೆಗೆ ಸಹಕರಿಸುತ್ತಿದ್ದ ಆರೋಪಿಯೊಬ್ಬ 2020ರ ಸೆಪ್ಟೆಂಬರಿನಲ್ಲಿ ಕೊಲೆಯಾದ.

ಭಾರತದಲ್ಲಿ ವಂಚನೆ ಬೇರೆ ದಾರಿ ಹಿಡಿದದ್ದಕ್ಕೆ ಕಾರಣ ಕಾನೂನಿನ ರಚನೆಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದೆ. ಇದು ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಹಣ ಕೊಡುವ ವಿಮೆ. ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯ ಮಿತಿ ಇದೆ; ಸಾವು ಮತ್ತು ಗಾಯಕ್ಕೆ ಮಿತಿಯೇ ಇಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿಯ ಬೈಕಿಗೆ ಈ ವಿಮೆಯ ಮೂಲ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ. ಅಷ್ಟು ಕಟ್ಟಿದ ಬೈಕು ಯಾರಿಗಾದರೂ ಗುದ್ದಿ ಪ್ರಾಣ ಹೋದರೆ ಕಂಪನಿ ಎಷ್ಟು ಕೊಡಬೇಕಾದೀತು? ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಮತ್ತು 2017ರ ಎರಡು ತೀರ್ಪುಗಳಲ್ಲಿ ನಿಗದಿ ಮಾಡಿದೆ. ತಿಂಗಳಿಗೆ 20,000 ರೂಪಾಯಿ ದುಡಿಯುವ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ 28 ವರ್ಷದ ಸ್ವಂತ ಉದ್ಯೋಗಿ ತೀರಿಕೊಂಡನೆಂದುಕೊಳ್ಳೋಣ. ವರ್ಷದ ಆದಾಯ 2.40 ಲಕ್ಷ. ಮುಂದೆ ಹೆಚ್ಚುತ್ತಿದ್ದ ಗಳಿಕೆಗೆಂದು ಶೇ. 40 ಸೇರಿಸಿದರೆ 3.36 ಲಕ್ಷ. ಅವನ ಸ್ವಂತ ಖರ್ಚಿಗೆ ಮೂರರಲ್ಲೊಂದು ಪಾಲು ಕಳೆದರೆ 2.24 ಲಕ್ಷ. 26ರಿಂದ 30ರ ವಯಸ್ಸಿಗೆ ಗುಣಕ 17. ಒಟ್ಟು 38 ಲಕ್ಷ ದಾಟುತ್ತದೆ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ.

ಅದೇ ಮನುಷ್ಯ ರಾತ್ರಿ ಊರಿಗೆ ಮರಳುವಾಗ ಮರಳಿನ ಮೇಲೆ ಬೈಕು ಜಾರಿ ಒಬ್ಬನೇ ಬಿದ್ದು ಸತ್ತರೆ ಕುಟುಂಬಕ್ಕೆ ಸಿಗುವುದು, ವಾಹನ ಅವನದೇ ಆಗಿದ್ದು, ಲೈಸೆನ್ಸ್ ಇದ್ದು, ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಮಾಡಿಸಿದ್ದರೆ, 15 ಲಕ್ಷ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಹುಪಾಲು ಏನೂ ಇಲ್ಲ. ಎರವಲು ಬೈಕಾದರೆ ಇನ್ನೂ ಕಷ್ಟ. ಇಳಕಲ್‌ನಿಂದ ಬೇರೊಬ್ಬರ ಬೈಕಿನಲ್ಲಿ ತನ್ನ ಊರಿಗೆ ಹೊರಟ ಸವಾರ ಮುಂದಿದ್ದ ಎತ್ತಿನ ಗಾಡಿಗೆ ಗುದ್ದಿ ಸತ್ತ ಪ್ರಕರಣದಲ್ಲಿ, ವಾಹನ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಚಾಲಕನ ತಪ್ಪು ತೋರಿಸದೆಯೇ ಪರಿಹಾರ ಕೊಡುವ ಕಲಮಿನಡಿ ಅದೇ ಬೈಕಿನ ವಿಮೆಯಿಂದ ಅವನ ಕುಟುಂಬ ಹಣ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಒಂದೇ ರಸ್ತೆ, ಒಂದೇ ಸಾವು. ಇನ್ನೊಂದು ವಾಹನ ಇದ್ದರೆ 38 ಲಕ್ಷ, ಇಲ್ಲದಿದ್ದರೆ 15 ಲಕ್ಷ ಇಲ್ಲವೇ ಬರಿಗೈ. ವಂಚನೆಯ ದಲ್ಲಾಳಿಗಳು ಬೆಳೆದದ್ದು ಈ ಅಂತರದಲ್ಲಿ. ದುಃಖದಲ್ಲಿರುವ ಬಡ ಕುಟುಂಬದ ಬಳಿ ಬಂದು ‘ಇನ್ನೊಂದು ಗಾಡಿ ತೋರಿಸಿದರೆ ಸಾಕು’ ಎಂದು ಪುಸಲಾಯಿಸುವವರನ್ನೂ ಆ ಮಾತಿಗೆ ಒಪ್ಪಿದ ಕುಟುಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಕಾನೂನಿನ ಕಣ್ಣಿಗೆ ಇಬ್ಬರೂ ಆರೋಪಿಗಳೇ.

ಕಟ್ಟುಕಥೆ ಹೆಣೆಯುವ ಕ್ರಮ ಹೆಚ್ಚು ಕಡಿಮೆ ಎಲ್ಲೆಡೆ ಒಂದೇ. ಆಸ್ಪತ್ರೆಯ ಆವರಣದಲ್ಲೇ ದಲ್ಲಾಳಿ ಕುಟುಂಬವನ್ನು ಹಿಡಿಯುತ್ತಾನೆ. ಚಾಲ್ತಿಯಲ್ಲಿರುವ ವಿಮೆಯುಳ್ಳ ಒಂದು ವಾಹನ, ಲೈಸೆನ್ಸ್ ಇರುವ ಒಬ್ಬ ಚಾಲಕ ಸಿದ್ಧವಾಗುತ್ತಾರೆ. ಕೆಲವು ದಿನ, ಕೆಲವೊಮ್ಮೆ ವಾರಗಳು ಕಳೆದ ಮೇಲೆ ಠಾಣೆಗೆ ದೂರು ಹೋಗುತ್ತದೆ: ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದ ಇಂಥ ನಂಬರಿನ ವಾಹನ ಗುದ್ದಿತು. ಚಾಲಕ ತಾನಾಗಿ ಠಾಣೆಗೆ ಹಾಜರಾಗುತ್ತಾನೆ. ಮಹಜರು, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಚಾರ್ಜ್‌ಶೀಟ್ ಒಂದರ ಹಿಂದೆ ಒಂದು ಬರುತ್ತವೆ. ಮ್ಯಾಜಿಸ್ಟ್ರೇಟರ ಮುಂದೆ ಚಾಲಕ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬರುತ್ತಾನೆ. ಆ ತಪ್ಪೊಪ್ಪಿಗೆ ನ್ಯಾಯಮಂಡಳಿಯಲ್ಲಿ ಅರ್ಜಿದಾರರ ದೊಡ್ಡ ಸಾಕ್ಷ್ಯವಾಗುತ್ತದೆ. ನ್ಯಾಯಮಂಡಳಿಯ ವಿಚಾರಣೆ ಸಂಕ್ಷಿಪ್ತ ಸ್ವರೂಪದ್ದು. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಸಂಭವನೀಯತೆ ತಮ್ಮ ಕಡೆ ವಾಲಿದರೆ ಸಾಕು. ನೊಂದವರು ವರ್ಷಗಟ್ಟಲೆ ಅಲೆಯದಿರಲಿ ಎಂದು ಮಾಡಿದ ಈ ಸಡಿಲಿಕೆ ಅಗತ್ಯವಾದದ್ದೇ. ಅದನ್ನೇ ವಂಚಕರು ಬಾಗಿಲು ಮಾಡಿಕೊಂಡಿದ್ದಾರೆ.

ಇದೇ ಮರದ ಕೊಂಬೆಗಳು ಹಲವು. ಅಪಘಾತ ನಿಜವಿದ್ದು, ಲೈಸೆನ್ಸ್ ಇಲ್ಲದ ಅಥವಾ ಕುಡಿದಿದ್ದ ಚಾಲಕನ ಬದಲು ಬೇರೊಬ್ಬನನ್ನು ತೋರಿಸುವುದು. ವಿಮೆ ಇಲ್ಲದ ವಾಹನದ ಜಾಗಕ್ಕೆ ವಿಮೆ ಇರುವುದನ್ನು ತರುವುದು. ವಾಹನದಲ್ಲಿ ಇಲ್ಲದವರನ್ನು ಗಾಯಾಳುಗಳ ಪಟ್ಟಿಗೆ ಸೇರಿಸುವುದು. ಚಿಕಿತ್ಸೆಯನ್ನೇ ನೀಡದ ವೈದ್ಯರಿಂದ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯುವುದು. ಒಂದೇ ಅಪಘಾತಕ್ಕೆ ಎರಡು ಊರುಗಳ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವುದು. ಸ್ವಂತ ವಾಹನದ ಹಾನಿಗೆ ಪಡೆಯುವ ವಿಮೆಯಲ್ಲೂ ವಂಚನೆ ಉಂಟು: ಹಳೆಯ ಗುದ್ದನ್ನು ಹೊಸದೆನ್ನುವುದು, ಗ್ಯಾರೇಜಿನಲ್ಲಿ ಬೇಕೆಂದೇ ಹೆಚ್ಚು ಒಡೆಯುವುದು. ಆದರೆ 50,000 ರೂಪಾಯಿ ಮುಟ್ಟಿದ ಹಾನಿಗೆ ಪರವಾನಗಿ ಪಡೆದ ಸರ್ವೇಯರ್ ನೋಡಲೇಬೇಕೆಂಬ ನಿಯಮ ಇರುವುದರಿಂದ ಅಲ್ಲಿ ಒಂದು ಮಟ್ಟದ ಕಾವಲಿದೆ.

ಈ ವಂಚನೆ ಎಷ್ಟು ಸಂಘಟಿತವಾಗಿರಬಲ್ಲದು ಎಂಬುದಕ್ಕೆ ಉತ್ತರ ಪ್ರದೇಶದ ಉದಾಹರಣೆ ಸಾಕು. ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಸುಳ್ಳು ಪರಿಹಾರ ಅರ್ಜಿಗಳ ತನಿಖೆಗೆ ವಿಶೇಷ ತಂಡ ರಚಿಸಲು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಬಂದು 2021ರಲ್ಲಿ ಲೆಕ್ಕ ಕೇಳಿದಾಗ, ಬೇರೆ ಬೇರೆ ವಿಮಾ ಕಂಪನಿಗಳಿಂದ ಆ ತಂಡಕ್ಕೆ ಬಂದ ಶಂಕಾಸ್ಪದ ಪ್ರಕರಣಗಳು 1,376 ಎಂದು ತಿಳಿದುಬಂತು. ಮೇಲ್ನೋಟಕ್ಕೆ ತಪ್ಪಿತಸ್ಥರೆಂದು ಕಂಡ 166 ಜನರಲ್ಲಿ ಅರ್ಜಿದಾರರು, ವಕೀಲರು, ಪೊಲೀಸರು, ವೈದ್ಯರು, ವಾಹನ ಮಾಲೀಕರು, ಚಾಲಕರಷ್ಟೇ ಅಲ್ಲದೆ ವಿಮಾ ಕಂಪನಿಗಳ ನೌಕರರೂ ಇದ್ದರು. ತಪ್ಪು ಮಾಡಿದ ವಕೀಲರ ಮೇಲೆ ಕ್ರಮಕ್ಕೆ ಮುಂದಾಗದ ರಾಜ್ಯದ ವಕೀಲರ ಪರಿಷತ್ತನ್ನು ಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಕಾವಲು ಕಾಯಬೇಕಾದ ಪ್ರತಿ ಹಂತದಲ್ಲೂ ಒಬ್ಬೊಬ್ಬರು ಕೈಜೋಡಿಸದೆ ಇಂಥ ಪ್ರಕರಣ ಕೊನೆ ಮುಟ್ಟಲಾರದು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.

ಸುಳ್ಳನ್ನು ಗುರುತಿಸಲು ಎಲ್ಲಕ್ಕಿಂತ ಹೆಚ್ಚು ನೆರವಾಗುವ ದಾಖಲೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಇರುತ್ತದೆ. ಗಾಯಾಳು ಬಂದ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರು ಎಂಎಲ್‌ಸಿ (ಮೆಡಿಕೋ-ಲೀಗಲ್ ಪ್ರಕರಣಗಳ) ರಿಜಿಸ್ಟರಿನಲ್ಲಿ ಸಮಯ, ಕರೆತಂದವರ ಹೆಸರು, ಗಾಯ ಹೇಗಾಯಿತೆಂದು ಹೇಳಿದರೋ ಆ ಮಾತು, ಇಷ್ಟನ್ನು ಬರೆಯುತ್ತಾರೆ. ‘ಬೈಕ್ ಸ್ಕಿಡ್ ಆಗಿ ಬಿದ್ದದ್ದು’ ಎಂಬ ಒಂದು ಸಾಲು ಅಲ್ಲಿದ್ದು, ಹದಿನೈದು ದಿನಗಳ ನಂತರದ ದೂರಿನಲ್ಲಿ ‘ಕಾರು ಬಂದು ಗುದ್ದಿದ್ದು’ ಎಂದಿದ್ದರೆ, ನ್ಯಾಯಮಂಡಳಿ ನಿಂತು ನೋಡಬೇಕಾದ ಜಾಗ ಅದು. ರಿಜಿಸ್ಟರಿನ ಸಾಲು ಬರೆಯುವ ಹೊತ್ತಿಗೆ ದಲ್ಲಾಳಿ ಇನ್ನೂ ಬಂದಿರುವುದಿಲ್ಲ. ಜೀವ ಉಳಿಸಿಕೊಳ್ಳುವ ಗಾಬರಿಯಲ್ಲಿ ಜನ ನಡೆದದ್ದನ್ನೇ ಹೇಳುತ್ತಾರೆ. ಹಾಗೆಂದು ಆ ಒಂದು ಸಾಲೇ ವೇದವಾಕ್ಯವೂ ಅಲ್ಲ. ಕರೆತಂದ ದಾರಿಹೋಕನಿಗೆ ಅಪಘಾತ ಹೇಗಾಯಿತೆಂದು ಗೊತ್ತಿರದೇ ಇರಬಹುದು, ಅವಸರದಲ್ಲಿ ವೈದ್ಯರು ತಪ್ಪು ಬರೆದಿರಬಹುದು. ಆದ್ದರಿಂದಲೇ ಆ ರಿಜಿಸ್ಟರಿನ ಸಾಲನ್ನು ಬರೆದವರನ್ನು ಕರೆಸಿ ಕೇಳಬೇಕು. ಬರಿಯ ನಕಲು ಪ್ರತಿ ಹಾಜರುಪಡಿಸಿ ಕೈಬಿಡುವ ವಿಮಾ ಕಂಪನಿಗಳು ಗೆಲ್ಲಬೇಕಾದ ಪ್ರಕರಣವನ್ನೂ ಸೋಲುತ್ತವೆ.

ಎರಡನೆಯ ಸಾಕ್ಷಿ ವಾಹನವೇ. ಕಾರಿನ ಬಂಪರ್ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಬೈಕಿನ ಮೇಲೂ ಪೆಟ್ಟು ಇರಬೇಕು. ಬಣ್ಣ ಉಜ್ಜಿದರೆ ಒಂದರದು ಇನ್ನೊಂದಕ್ಕೆ ಅಂಟಿರಬೇಕು. ಪಾದಚಾರಿಯ ಕಾಲು ಮುರಿಯುವಷ್ಟು ಬಲವಾಗಿ ಗುದ್ದಿದ ಕಾರಿನ ಮುಂಭಾಗದಲ್ಲಿ ಒಂದು ಗೀರೂ ಇಲ್ಲವೆಂದರೆ ಕಾರಣ ಕೇಳಬೇಕಾಗುತ್ತದೆ. ವಾಹನ ನಿರೀಕ್ಷಕರ ವರದಿಯಲ್ಲಿ ‘ಯಾವುದೇ ಹೊಸ ಹಾನಿ ಇಲ್ಲ’ ಎಂದು ಬರೆದಿದ್ದರೂ ಚಾರ್ಜ್‌ಶೀಟ್ ಸಲ್ಲಿಕೆಯಾಗುವುದುಂಟು. ಉಳಿದ ಸುಳಿವುಗಳು ಒಂದೊಂದಾಗಿ ನೋಡಿದರೆ ಏನೂ ಹೇಳವು, ಒಟ್ಟಾದಾಗ ಮಾತಾಡುತ್ತವೆ: ಮಾಲೀಕ ಮತ್ತು ಗಾಯಾಳು ಒಂದೇ ಊರಿನವರು ಅಥವಾ ಬಂಧುಗಳು, ಅದೇ ಚಾಲಕ ಬೇರೆ ಪ್ರಕರಣಗಳಲ್ಲೂ ಆರೋಪಿ, ಅದೇ ಸಾಕ್ಷಿದಾರ ಹಲವು ಅಪಘಾತಗಳನ್ನು ಕಣ್ಣಾರೆ ಕಂಡವನು, ಮಾಲೀಕ ನ್ಯಾಯಮಂಡಳಿಗೆ ಬಂದು ಒಂದು ಮಾತೂ ವಿರೋಧಿಸುವುದಿಲ್ಲ.

ದೂರು ತಡವಾದದ್ದನ್ನೇ ವಂಚನೆಯ ಗುರುತೆಂದು ಹಿಡಿಯುವುದು ಮಾತ್ರ ಅಪಾಯಕಾರಿ. ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ. ವಿಳಂಬವೊಂದನ್ನೇ ಕಾರಣ ಮಾಡಿ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಅವರ ಮನೆಯವರನ್ನು ಮೊದಲೇ ಕಳ್ಳರಂತೆ ಕಾಣುವ ತನಿಖೆ, ವಂಚನೆಯಷ್ಟೇ ದೊಡ್ಡ ಅನ್ಯಾಯ.

ನಗರದ ರಸ್ತೆಗಳಲ್ಲಿ ಈ ವಂಚನೆಯ ಇನ್ನೊಂದು ರೂಪ ಕಾಣುತ್ತದೆ. ಅದು ನ್ಯಾಯಮಂಡಳಿಯ ತನಕ ಹೋಗುವುದೇ ಇಲ್ಲ. ಬೈಕಿನಲ್ಲಿ ಬಂದವರು ಕಾರಿಗೆ ತಾಗಿಸಿ ಬೀಳುತ್ತಾರೆ, ಅಥವಾ ಕಾಲಿನ ಮೇಲೆ ಚಕ್ರ ಹರಿಯಿತೆಂದು ಕೂಗಾಡುತ್ತಾರೆ. ನಿಮಿಷದಲ್ಲಿ ನಾಲ್ಕೈದು ಜನ ಸೇರಿ ‘ಕೇಸ್ ಬೇಡ, ಇಲ್ಲೇ ಮುಗಿಸಿ’ ಎಂದು ಹಣಕ್ಕೆ ಒತ್ತಾಯಿಸುತ್ತಾರೆ. 2023ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ, ನಸುಕಿಗೆ ಮುಂಚೆ ಮನೆಗೆ ಮರಳುತ್ತಿದ್ದ ದಂಪತಿಯ ಕಾರಿಗೆ ಎದುರಿನಿಂದ ಬಂದ ಬೈಕೊಂದು ಗುದ್ದಿತು. ದಂಪತಿ ಇಳಿಯಲಿಲ್ಲ, ಕಾರನ್ನು ಹಿಂದಕ್ಕೆ ತೆಗೆದು ಹೊರಟರು. ಬೈಕಿನವರು ಕಿಲೋಮೀಟರುಗಟ್ಟಲೆ ಬೆನ್ನಟ್ಟಿದರು. ಕಾರಿನ ಡ್ಯಾಶ್‌ಕ್ಯಾಮ್ ಇದೆಲ್ಲವನ್ನೂ ದಾಖಲಿಸಿತ್ತು. ಆ ದೃಶ್ಯ ಹೊರಬಂದ ಮೇಲೆ ಪೊಲೀಸರು ಇಬ್ಬರನ್ನು ಬಂಧಿಸಿದರು.

ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಕೆಲವೇ, ಆದರೆ ಅವು ಕ್ರಮವಾಗಿ ನಡೆಯಬೇಕು. ನಿರ್ಜನ ಜಾಗವಾದರೆ ಬಾಗಿಲು ಕಿಟಕಿ ತೆರೆಯದೆ 112ಕ್ಕೆ ಕರೆ ಮಾಡಿ, ಇರುವ ಸ್ಥಳ ಹೇಳಿ, ಬೆಳಕಿರುವ ಜಾಗಕ್ಕೋ ಹತ್ತಿರದ ಠಾಣೆಗೋ ಹೋಗುವುದು ಸರಿ. ಹಾಗೆ ಹೋಗುವಾಗ ಕರೆ ಮಾಡಿರುವುದು ಮುಖ್ಯ. ಏಕೆಂದರೆ ಯಾರಿಗಾದರೂ ನಿಜವಾಗಿ ಗಾಯವಾಗಿದ್ದರೆ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದೂ, ಪೊಲೀಸರಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸುವುದೂ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಚಾಲಕನ ಹೊಣೆ. ಸುಮ್ಮನೆ ಓಡಿಹೋದರೆ ಕೇಸು ತಿರುಗಿ ಅವನ ಮೇಲೇ ಬರುತ್ತದೆ. ಜನನಿಬಿಡ ಜಾಗವಾದರೆ ಎರಡೂ ವಾಹನಗಳ ನಂಬರ್ ಪ್ಲೇಟು, ನಿಂತ ರೀತಿ, ಪೆಟ್ಟು ಬಿದ್ದ ಭಾಗ, ರಸ್ತೆ, ಸುತ್ತಲಿನ ಅಂಗಡಿಗಳ ಬೋರ್ಡು, ಎದುರಿನವರ ಮುಖ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯಬೇಕು. ಕೀಲಿ, ಲೈಸೆನ್ಸ್, ಆರ್‌ಸಿ ಯಾರ ಕೈಗೂ ಕೊಡಬಾರದು, ಪೊಲೀಸರ ಹೊರತು. ನಗದಾಗಲಿ ಯುಪಿಐಯಾಗಲಿ ಹಣ ಕೊಡಬಾರದು. ‘ತಪ್ಪು ನನ್ನದು’ ಎಂದು ಬರೆದುಕೊಡಬಾರದು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವುದನ್ನೂ ಹಣ ಕೊಡುವುದನ್ನೂ ಮೋಟಾರು ಪಾಲಿಸಿಯ ಷರತ್ತೇ ತಡೆಯುತ್ತದೆ. ‘ಆಸ್ಪತ್ರೆಗೆ ಹೋಗೋಣ, ಆಮೇಲೆ ಠಾಣೆಗೆ ಹೋಗೋಣ’ ಎಂಬ ಎರಡು ಮಾತು ಬಹಳಷ್ಟು ಸುಲಿಗೆಕೋರರನ್ನು ಅಲ್ಲಿಂದ ಕದಲಿಸುತ್ತವೆ. ನಿಜವಾಗಿ ನೊಂದವನು ಆ ಮಾತಿಗೆ ಒಪ್ಪುತ್ತಾನೆ.

ನಡೆಯದೇ ಇದ್ದ ಡಿಕ್ಕಿಯಲ್ಲಿ ತನ್ನ ವಾಹನ ಸಿಲುಕಿದೆಯೆಂದು ಮಾಲೀಕನಿಗೆ ಗೊತ್ತಾಗುವುದು ಸಾಮಾನ್ಯವಾಗಿ 133ನೇ ಕಲಮಿನಡಿ ಪೊಲೀಸರ ನೋಟಿಸು ಬಂದಾಗ. ಆ ದಿನ ವಾಹನ ಯಾರು ಓಡಿಸುತ್ತಿದ್ದರು ಎಂದು ಅದರಲ್ಲಿ ಕೇಳಿರುತ್ತಾರೆ. ಅದನ್ನು ಮೂಲೆಗೆ ಎಸೆಯುವುದೇ ದೊಡ್ಡ ತಪ್ಪು. ಆ ಹೊತ್ತಿನಲ್ಲಿ ವಾಹನ ಎಲ್ಲಿತ್ತೆಂದು ತೋರಿಸುವ ಕುರುಹುಗಳನ್ನು ಕೂಡಲೇ ಒಟ್ಟುಮಾಡಬೇಕು: ಫಾಸ್ಟ್ಯಾಗ್‌ನ ಟೋಲ್ ದಾಖಲೆ, ಜಿಪಿಎಸ್ ಇದ್ದರೆ ಅದರ ಮಾಹಿತಿ, ಸರ್ವಿಸ್ ಸೆಂಟರಿನ ರಸೀದಿ, ಅಪಾರ್ಟ್‌ಮೆಂಟ್ ಅಥವಾ ಕಚೇರಿಯ ಗೇಟಿನ ಸಿಸಿಟಿವಿ. ಸಿಸಿಟಿವಿ ದೃಶ್ಯ ಕೆಲವೇ ದಿನ, ವಾರಗಳಲ್ಲಿ ಅಳಿಸಿಹೋಗುತ್ತದೆ. ಲಿಖಿತ ಉತ್ತರವನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು, ಪ್ರತಿಯನ್ನು ವಿಮಾ ಕಂಪನಿಗೂ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೂ ಕಳಿಸಬೇಕು. ನ್ಯಾಯಮಂಡಳಿಯ ಸಮನ್ಸ್ ಬಂದರೆ ಹಾಜರಾಗಿ ಆಕ್ಷೇಪಣೆ ಸಲ್ಲಿಸಬೇಕು. ‘ಹಣ ಕೊಡುವುದು ಕಂಪನಿ ತಾನೆ’ ಎಂದು ಮನೆಯಲ್ಲಿ ಕುಳಿತರೆ ಏಕಪಕ್ಷೀಯವಾಗಿ ಆದೇಶವಾಗುತ್ತದೆ. ಸುಳ್ಳು ಎಫ್‌ಐಆರ್ ರದ್ದುಪಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗುವ ದಾರಿಯೂ ಇದೆ.

ಕೆಲವು ಮಾಲೀಕರು ಸ್ನೇಹಕ್ಕೋ ಹಣಕ್ಕೋ ತಮ್ಮ ವಾಹನವನ್ನು ‘ಎಂವಿಸಿ ಕೇಸಿಗೆ’, ಅಂದರೆ ಮೋಟಾರು ಅಪಘಾತ ಪರಿಹಾರದ ಅರ್ಜಿಗೆ, ಕೊಡಲು ತಾವಾಗಿಯೇ ಒಪ್ಪುತ್ತಾರೆ. ತಮಗೇನೂ ನಷ್ಟವಿಲ್ಲವೆಂದು ದಲ್ಲಾಳಿ ನಂಬಿಸಿರುತ್ತಾನೆ. ನಷ್ಟ ಬರುವುದು ಆಮೇಲೆ. ತೋರಿಸಿದ ಚಾಲಕನ ಲೈಸೆನ್ಸ್ ಅವಧಿ ಮುಗಿದದ್ದೋ ಬೇರೆ ವರ್ಗದ್ದೋ ಎಂದು ವಿಚಾರಣೆಯಲ್ಲಿ ಕಂಡುಬಂದರೆ, ಪಾಲಿಸಿಯ ಷರತ್ತು ಮುರಿದದ್ದಕ್ಕೆ ಕಂಪನಿ ಮೊದಲು ಹಣ ಕೊಟ್ಟು, ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಹೇಳಬಹುದು. ಲಕ್ಷಗಟ್ಟಲೆ ಮೊತ್ತಕ್ಕೆ ಮಾಲೀಕನ ಮನೆ ಜಮೀನು ಜಪ್ತಿಯಾಗುವ ದಾರಿ ಅದು. ವಂಚನೆ ಬಯಲಾದರೆ ಅಪರಾಧದ ಹೊಣೆಯೂ ಸೇರುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೋಸದಿಂದ ಹಣ ಪಡೆಯುವುದಕ್ಕೆ, ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಕೆಲವು ಬಗೆಯ ದಾಖಲೆ ತಿದ್ದಿದ್ದರೆ ಇನ್ನೂ ಹೆಚ್ಚು.

ವಿಮಾ ಕಂಪನಿಗಳ ಕೈಯಲ್ಲಿರುವ ಮುಖ್ಯ ಅಸ್ತ್ರ ಮೋಟಾರು ವಾಹನ ಕಾಯ್ದೆಯ 170ನೇ ಕಲಮು. ಸಾಮಾನ್ಯವಾಗಿ ಕಂಪನಿ ಎತ್ತಬಹುದಾದ ತಕರಾರುಗಳು ಸೀಮಿತ. ಅರ್ಜಿದಾರರೂ ಮಾಲೀಕನೂ ಒಳಗೊಳಗೇ ಕೂಡಿಕೊಂಡಿದ್ದಾರೆ, ಅಥವಾ ಮಾಲೀಕ ವಿರೋಧಿಸುತ್ತಲೇ ಇಲ್ಲ ಎಂದು ನ್ಯಾಯಮಂಡಳಿಗೆ ಮನವರಿಕೆಯಾದರೆ ಕಂಪನಿ ಎಲ್ಲ ಆಧಾರಗಳ ಮೇಲೂ ವಾದಿಸಬಹುದು. ಹಾಗೆ ವಾದಿಸಲು ನ್ಯಾಯಮಂಡಳಿಯ ಅನುಮತಿಯನ್ನು ಮೊದಲೇ ಕೇಳದೆ ಮೇಲ್ಮನವಿಯಲ್ಲಿ ಗೋಳಾಡಿದರೆ ಪ್ರಯೋಜನ ಕಡಿಮೆ.

ಸುಳ್ಳು ಹೆಣೆಯಲು ಬೇಕಾದದ್ದು ಸಮಯ. ಆ ಸಮಯವನ್ನೇ ಕಿತ್ತುಕೊಳ್ಳುವ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತನಿಖಾಧಿಕಾರಿ ಅಪಘಾತದ ಮಾಹಿತಿ ಬಂದ 48 ಗಂಟೆಯೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರವಾದ ವರದಿ. ಇವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಅಪಘಾತದ ಸ್ಥಳದಿಂದಲೇ ಚಿತ್ರ ಸಮೇತ ವಿವರ ತುಂಬುವ ಐರಾಡ್ ಆ್ಯಪನ್ನು ಪೊಲೀಸರು ಬಳಸುತ್ತಿದ್ದಾರೆ. ಮೊದಲ ಎರಡು ದಿನದಲ್ಲಿ ವಾಹನದ ನಂಬರು, ಚಿತ್ರ, ಆಸ್ಪತ್ರೆಯ ಟಿಪ್ಪಣಿ ಒಂದೆಡೆ ಸೇರಿದರೆ, ಮೂರು ವಾರದ ನಂತರ ಹೊಸ ಗಾಡಿ ತಂದು ನಿಲ್ಲಿಸುವುದು ಕಷ್ಟ. ನಿಜವಾದ ಗಾಯಾಳುವಿಗೂ ಅಷ್ಟೇ ಲಾಭ: ವಿವರವಾದ ವರದಿ ಕೈಸೇರಿದ 30 ದಿನದೊಳಗೆ ಕಂಪನಿ ಪರಿಹಾರದ ಬಗ್ಗೆ ತನ್ನ ನಿಲುವು ತಿಳಿಸಬೇಕು. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಹಕ್ಕೂ ಇದೆ. ಒಬ್ಬನೇ ಜಾರಿ ಬಿದ್ದವನ ಕುಟುಂಬಕ್ಕೆ ನೆಮ್ಮದಿಯಾಗುವಷ್ಟು ವಿಮೆ ಕಡ್ಡಾಯವಾಗಿ ದೊರೆಯುವಂತೆ ಮಾಡಿದರೆ ದಲ್ಲಾಳಿಯ ಮಾತಿಗೆ ಕಿವಿಗೊಡುವವರೇ ಕಡಿಮೆಯಾಗುತ್ತಾರೆ. ಪೊಲೀಸ್ ತನಿಖೆಗಿಂತ ಅದು ಹೆಚ್ಚು ಕೆಲಸ ಮಾಡೀತು.

ವಂಚನೆಯ ಶಂಕೆಯಿಂದ ಪ್ರಾಮಾಣಿಕನ ಅರ್ಜಿಯೇ ತಿರಸ್ಕೃತವಾದರೆ ಅವನಿಗೂ ದಾರಿಗಳಿವೆ. ಸ್ವಂತ ವಾಹನದ ಹಾನಿಯ ವಿಷಯವಾದರೆ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದು, ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುವ ಅಧಿಕಾರ ಅದಕ್ಕಿದೆ. ಥರ್ಡ್ ಪಾರ್ಟಿ ಪರಿಹಾರದ ಅರ್ಜಿಯನ್ನು ನ್ಯಾಯಮಂಡಳಿ ವಜಾ ಮಾಡಿದ್ದರೆ ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಡಿ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಹೈಕೋರ್ಟ್ ಅದನ್ನು ಮನ್ನಿಸಬಹುದು.